ಬಲಗಡೆಯ ಪೆಟ್ಟಿಗೆ

ಆದೋನಿ
10 ಜನವರಿ 2025

ಮಗಳು ನಾಗಜ್ಯೋತಿಗೆ,

ಕೈಯಲ್ಲಿ ಫೋನ್ ಇಟ್ಟುಕೊಂಡು ಅಪ್ಪ ಯಾಕೆ ಪೋಸ್ಟಿನವನಿಗೆ ಕೆಲಸ ಹಚ್ಚಿದ್ದಾನೆ ಎಂದು ನೀನು ನಗುತ್ತಿರಬಹುದು. ನಗು. ನಾನು ಫೋನ್ ಹಿಡಿದರೆ ಸಾಕು, ನಿನ್ನ ಅವ್ವ ಪಕ್ಕಕ್ಕೆ ಬಂದು ಕೂತು, "ಸ್ಪೀಕರ್ ಹಾಕ್ರಿ, ನಾನೂ ಕೇಳ್ತೀನಿ" ಅನ್ನುತ್ತಾಳೆ. ಅಂಗಡಿಯಲ್ಲಾದರೆ ಗಿರಾಕಿಗಳ ಕಿವಿ. ಈಗ ಹೇಳುವುದನ್ನು ಅವಳು ಕೇಳಬಾರದು. ಕಾಗದಕ್ಕೆ ಆ ಭಯವಿಲ್ಲ. ಅವಳು ಶಾಲೆಗೆ ಹೋದವಳಲ್ಲ, ಅಕ್ಷರ ಅವಳಿಗೆ ಬಾರದು. ಉತ್ತರವನ್ನು ನೀನೂ ಕಾಗದದಲ್ಲೇ, ಅಂಗಡಿಯ ವಿಳಾಸಕ್ಕೆ ಬರಿ.

ಹೋದ ವಾರ ದೇವನಕೊಂಡದ ಕೆಂಚಣ್ಣ ಕರೆಯಲು ಬಂದಿದ್ದ. ಕುರಿ ಸಾಕಿ ಹೊಸ ಮನೆ ಕಟ್ಟಿಸಿದ್ದಾನಲ್ಲ, ಅವನೇ. ಪಡಸಾಲೆಗೆಂದು ಒಂದು ಜೊತೆ ಸ್ಪೀಕರ್ ಪೆಟ್ಟಿಗೆ ಮಾಡಿಸಿದ್ದ. ಮಾಡಿದವನು ನಮ್ಮ ಉದಯಕುಮಾರ್. ನನ್ನ ಸ್ಪೀಕರ್ ಅಂಗಡಿಯಲ್ಲಿ ಕೆಲಸ ಕಲಿತು ಈಗ ಸ್ವಂತ ಅಂಗಡಿ ತೆರೆದಿದ್ದಾನೆ, ಅದು ಅವನ ಮೊದಲ ದೊಡ್ಡ ಕೆಲಸ. ಈ ಕಡೆಯ ಪದ್ಧತಿ ನಿನಗೆ ಗೊತ್ತು. ಹೆಣ್ಣು ನೋಡಲು ಹಿರಿಯರನ್ನು ಕರೆದೊಯ್ಯುವ ಹಾಗೆ ಸ್ಪೀಕರ್ ನೋಡಲು ನನ್ನನ್ನು ಕರೆದೊಯ್ಯುತ್ತಾರೆ. ನಾನು ಕಣ್ಣು ಮುಚ್ಚಿ ಕೇಳಿ "ಇರಲಿ" ಅಂದರೆ ಪೆಟ್ಟಿಗೆ ಆ ಮನೆಯಲ್ಲಿ ಉಳಿಯುತ್ತದೆ. "ಬ್ಯಾಡ" ಅಂದರೆ ಬಂದ ಆಟೋದಲ್ಲೇ ಹಿಂದಕ್ಕೆ ಹೋಗುತ್ತದೆ. ಇಷ್ಟು ವರ್ಷ ನನ್ನ ಮಾತಿಗೆ ಯಾರೂ ಎದುರಾಡಿಲ್ಲ. ಅದರಿಂದ ನನಗೆ ಸ್ವಲ್ಪ ಕೊಬ್ಬು ಬಂದಿದೆ ಎಂದು ನಿನ್ನ ಅವ್ವ ಹೇಳುತ್ತಾಳೆ, ಇರಬಹುದು.

ಎಲ್ಲರೂ ಕೂತರು. ಎಲೆ ಅಡಿಕೆಯ ತಟ್ಟೆ ಬಂತು. ನಾನು ಯಥಾಪ್ರಕಾರ ನನ್ನ ಅವ್ವನ ಬೀಸುವ ಪದ ಹಾಕಿಸಿದೆ. ಹಿಂದೆ ಅವಳು ಹಿಟ್ಟು ಬೀಸುವಾಗ ನಾನೇ ಟೇಪ್ ಮಾಡಿಟ್ಟಿದ್ದೆನಲ್ಲ, ಈಗ ಪೆನ್‌ಡ್ರೈವಿಗೆ ಬಂದು ಕೂತಿದೆ. ಒಳ್ಳೆಯ ಜೊತೆಯಾದರೆ ಅವ್ವ ಎರಡು ಪೆಟ್ಟಿಗೆಗಳ ನಟ್ಟನಡುವೆ ಕೂತು ಹಾಡಬೇಕು. ಕೆಳಗೆ ಬೀಸುವ ಕಲ್ಲು ಗುರುಗುಟ್ಟಬೇಕು, ಮೇಲೆ ಬಳೆ ಬೇರೆಯಾಗಿ ಕೇಳಬೇಕು. ಕೆಂಚಣ್ಣನ ಮನೆಯಲ್ಲಿ ಅವ್ವ ಎಡಕ್ಕೆ ಸರಿದುಬಿಟ್ಟಿದ್ದಳು. ಬಲಗಡೆಯ ಪೆಟ್ಟಿಗೆ ಕಂಬಳಿ ಹೊದ್ದು ಮಲಗಿತ್ತು. ಬಳೆಯ ಸುಳಿವೇ ಇಲ್ಲ.

"ಉದಯಾ, ಬಲಗಡೆ ಪೆಟ್ಟಿಗ್ಯಾಗ ಹತ್ತಿ ಭಾಳ ತುರುಕೀದಿ. ಸಪ್ಪಳ ಉಸಿರು ಕಟ್ಟೈತಿ," ಅಂದೆ.

ಪಾಪ, ಅವನು ಅಲ್ಲೇ ಹಿಂದಿನ ಹಲಗೆ ಬಿಚ್ಚಿ ಅರ್ಧ ಹತ್ತಿ ಕಿತ್ತ. ವ್ಯತ್ಯಾಸವಿಲ್ಲ. ಪೂರ್ತಿ ಕಿತ್ತ. ಹತ್ತಿ ಪೂರ್ತಿ ತೆಗೆದರೆ ಪೆಟ್ಟಿಗೆ ಖಾಲಿ ಕೊಡದ ಹಾಗೆ ಗುಂಯ್‌ಗುಡಲೇಬೇಕು. ನನಗೆ ಹಾಗೂ ಕೇಳಲಿಲ್ಲ. ಅದೇ ಕಂಬಳಿ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. "ಸ್ಪೀಕರೇ ಸರಿ ಇಲ್ಲ, ಬ್ಯಾಡ," ಎಂದು ಎದ್ದುಬಿಟ್ಟೆ. "ಮಾಮಾ, ಇನ್ನೊಂದ್ಸಲ ಕೇಳ್ರಿ," ಎಂದು ಉದಯ ಹಿಂದೆಯೇ ಬಂದ. ನಾನು ನಿಲ್ಲಲಿಲ್ಲ.

ಪೆಟ್ಟಿಗೆ ವಾಪಸ್ ಬಂದಿವೆ. ಸುದ್ದಿ ಪತ್ತಿಕೊಂಡದವರೆಗೂ ಹೋಗಿದೆ. ಅವನ ಅಂಗಡಿಯತ್ತ ಈಗ ಯಾರೂ ತಲೆ ಹಾಕುತ್ತಿಲ್ಲ.

ಜ್ಯೋತಿ, ಹೇಳಿಬಿಡುತ್ತೇನೆ. ನನಗೆ ಹೆದರಿಕೆಯಾಗಿದೆ. ಕೆಟ್ಟದ್ದು ಪೆಟ್ಟಿಗೆಯೋ ನನ್ನ ಕಿವಿಯೋ ತಿಳಿಯುತ್ತಿಲ್ಲ. ನಿನ್ನ ಅಜ್ಜ ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿದು ನನ್ನ ವಯಸ್ಸಿಗೆಲ್ಲ ಪೂರ್ತಿ ಕಿವುಡಾಗಿದ್ದ. ಮನೆಯಲ್ಲಿ ಎಲ್ಲರೂ ನಕ್ಕಾಗ ತಾನೂ ನಗುತ್ತಿದ್ದ, ಯಾಕೆಂದು ತಿಳಿಯದೆ. ಆ ನಗು ನನಗೆ ಬೇಡ.

ಯಾರಿಗೂ ಹೇಳಬೇಡ.

ನಿನ್ನ ಅಪ್ಪ,
ನಾಗಭೂಷಣ


ಬಳ್ಳಾರಿ
17 ಜನವರಿ 2025

ಅಪ್ಪಾ,

ನಿನ್ನ ಕಾಗದ ತರಗತಿಗೆ ಹೋಗುವ ಮುಂಚೆ ಓದಿದೆ. ಆಮೇಲೆ ಮಕ್ಕಳಿಗೆ ಏನು ಪಾಠ ಮಾಡಿದೆನೋ ನನಗೇ ಗೊತ್ತಿಲ್ಲ.

ನನಗೆ ಕೋಪ ಬಂದಿದೆ, ಮೊದಲು ಅದನ್ನೇ ಹೇಳುತ್ತೇನೆ. ಇಂಥ ಸಂಶಯ ಬಂದರೆ ಏನು ಮಾಡಬೇಕೆಂದು ನನಗೆ ಕಲಿಸಿದವನು ನೀನು. ಚಿಕ್ಕವಳಿದ್ದಾಗ ಅಂಗಡಿಯ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ, ಅಜ್ಜಿಯ ಪದ ಹಾಕಿ, "ಅಜ್ಜಿ ಎಲ್ಲಿ ಕುಂತಾಳ, ಬೆರಳು ಮಾಡಿ ತೋರ್ಸು" ಅನ್ನುತ್ತಿದ್ದೆ. ಅಜ್ಜಿ ಒಂದು ಕಡೆ ಸರಿದಿದ್ದರೆ ಪೆಟ್ಟಿಗೆ ಅದಲು ಬದಲು ಮಾಡುತ್ತಿದ್ದೆ. ಅದೂ ಆಗದಿದ್ದರೆ ಸ್ಟೂಲನ್ನೇ ತಿರುಗಿಸಿ ಪೆಟ್ಟಿಗೆಗೆ ಬೆನ್ನು ಮಾಡಿ ಕೂರಿಸುತ್ತಿದ್ದೆ. ಮಂಕು ಪೆಟ್ಟಿಗೆಯದಾದರೆ ಪೆಟ್ಟಿಗೆಯ ಜೊತೆಗೇ ಇರುತ್ತದೆ, ನಮ್ಮದಾದರೆ ನಮ್ಮ ಜೊತೆಗೇ ತಿರುಗುತ್ತದೆ. ಕೆಂಚಣ್ಣನ ಮನೆಯಲ್ಲಿ ಒಂದು ಸಲ ಬೆನ್ನು ತಿರುಗಿಸಿ ಕೂತಿದ್ದರೆ ಮುಗಿಯುತ್ತಿತ್ತು. ನೀನು ಕೂರಲಿಲ್ಲ. ಮರೆತು ಅಲ್ಲ, ನನಗೆ ಗೊತ್ತು.

ಈಗ ಅಂಗಡಿಯ ಬಾಗಿಲು ಹಾಕಿಕೊಂಡಾದರೂ ಕೂತು ನೋಡು. ಬಲಗಿವಿಯ ತಂಟೆಯಾದರೆ ಇಲ್ಲಿ ಬಳ್ಳಾರಿಯಲ್ಲಿ ಕಿವಿಯ ಡಾಕ್ಟರ್ ಇದ್ದಾರೆ, ನಾನೇ ಕರೆದುಕೊಂಡು ಹೋಗುತ್ತೇನೆ. ಅಜ್ಜನದು ಮಿಲ್ಲಿನ ಸಪ್ಪಳದಿಂದ ಆದದ್ದು. ನೀನು ಮಿಲ್ಲಿನಲ್ಲಿ ಒಂದು ದಿನವೂ ದುಡಿದವನಲ್ಲ, ಹಾಡು ಕೇಳುತ್ತ ಕೂತವನು.

ಇನ್ನೊಂದು. ಸ್ಟೂಲಿನ ಮೇಲೆ ನನ್ನನ್ನು ಅಷ್ಟು ಸಲ ಕೂರಿಸಿದೆ, ಆದರೆ ಯಾರಾದರೂ ಕರೆಯಲು ಬಂದಾಗ ನೀನೊಬ್ಬನೇ ಹೋಗುತ್ತಿದ್ದೆ. ಸುಮ್ಮನೆ ನೆನಪಾಯಿತು, ಬರೆದೆ.

ನಿನ್ನ ಮಗಳು,
ಜ್ಯೋತಿ


ಆದೋನಿ
27 ಜನವರಿ 2025

ಜ್ಯೋತಿ,

ಕೂತೆ. ನಿನ್ನ ಕಾಗದ ಬಂದ ದಿನವಲ್ಲ, ಅದಾಗಿ ಎಷ್ಟೋ ದಿನದ ಮೇಲೆ. ದಿನವೂ ಒಂದೊಂದು ನೆಪ ಸಿಗುತ್ತಿತ್ತು. ಇಂದು ಮಧ್ಯಾಹ್ನ ಊಟಕ್ಕೆ ಹೋಗುವ ಮುನ್ನ ಶಟರ್ ಅರ್ಧ ಎಳೆದು, ನಮ್ಮ ಅಂಗಡಿಯ ಹಳೆಯ ಜೊತೆಗೇ ಅವ್ವನ ಪದ ಹಾಕಿದೆ. ಎಷ್ಟು ವರ್ಷದಿಂದ ಕೇಳಿದ ಪೆಟ್ಟಿಗೆ ಅವು! ಅವುಗಳಲ್ಲಿ ಅವ್ವ ಕೂರುವ ಜಾಗ ನನಗೆ ನಮ್ಮ ಮನೆಯ ಹೊಸ್ತಿಲಿನಷ್ಟೇ ಗೊತ್ತು.

ಅವ್ವ ಎಡಕ್ಕಿದ್ದಳು. ಬೆನ್ನು ತಿರುಗಿಸಿ ಕೂತೆ. ಅವ್ವ ಆಗಲೂ ನನ್ನ ಎಡಕ್ಕೇ ಬಂದಳು.

ಹಾಡು ಮುಗಿಯುವವರೆಗೆ ಹಾಗೇ ಕೂತಿದ್ದೆ. ಶಟರಿನ ಕೆಳಗಿಂದ ಒಬ್ಬ ಗಿರಾಕಿ ಬಗ್ಗಿ ನೋಡಿ, "ಏಮಾಯಿಂದಿ, ಏನಾತು ಅಣ್ಣಾ, ಗೋಡಿ ಕಡಿ ಮಾರಿ ಮಾಡಿ ಕುಂತೀರಿ?" ಅಂದ. "ಸ್ಪೀಕರ್ ಟೆಸ್ಟು," ಅಂದೆ.

ಹಾಗಾದರೆ ಉದಯನ ಪೆಟ್ಟಿಗೆಯಲ್ಲಿ ದೋಷವಿರಲಿಲ್ಲ. ಅಷ್ಟು ಜನರ ಎದುರಿಗೆ ಅವನ ಕೆಲಸವನ್ನು ಸರಿ ಇಲ್ಲ ಎಂದೆ. ನಿನ್ನೆ ಅವನು ರಸ್ತೆಯಲ್ಲಿ ಸಿಕ್ಕು ನಮಸ್ಕಾರ ಮಾಡಿ, "ಆರಾಮ ಅದೀರಿ ಮಾಮಾ?" ಅಂದ. ಬೈದಿದ್ದರೆ ಚೆನ್ನಾಗಿತ್ತು. ಅವನಿಗೆ ನಿಜ ಹೇಳಬೇಕು. ಹೇಳಿದರೆ ನನ್ನ ಕಿವಿ ಹೋಯಿತೆಂದು ಊರಿಗೆ ಹೇಳಿದ ಹಾಗೆ. ಅದು ನನ್ನ ಬಾಯಲ್ಲಿ ಬರುತ್ತಿಲ್ಲ.

ಡಾಕ್ಟರ ಹತ್ತಿರ ಬರುತ್ತೇನೆ. ನಿನ್ನ ಅವ್ವನಿಗೆ ಆಂಪ್ಲಿಫಯರ್ ಸಾಮಾನು ತರಲು ಬಳ್ಳಾರಿಗೆ ಹೋಗುತ್ತೇನೆಂದು ಹೇಳುತ್ತೇನೆ. ಒಂದು ಮಾತು, ಒಳಗೆ ನಾನೊಬ್ಬನೇ ಹೋಗುತ್ತೇನೆ. ನೀನು ಹೊರಗೆ ಕೂರಬೇಕು.

ಅಪ್ಪ


ಬಳ್ಳಾರಿ
14 ಫೆಬ್ರವರಿ 2025

ಅಪ್ಪಾ,

ಇದೇನು ನೀನು ಮಾಡಿದ್ದು?

ನೀನು ಹೊರಗೆ ಕೂರು ಅಂದೆ, ನಾನು ಕೂತೆ. ಒಳಗಿನಿಂದ ನೀನು ಕಣ್ಣು ಒರೆಸಿಕೊಳ್ಳುತ್ತ ಬಂದೆ. "ಏನಂದ್ರು?" ಎಂದು ಕೇಳಿದರೆ, "ಏನಿಲ್ಲ, ನಡಿ, ಬಸ್ಸಿಗೆ ಹೊತ್ತಾತು," ಅಂದೆ. ಆಟೋದಲ್ಲಿ ಒಂದು ಮಾತಿಲ್ಲ. ಬಸ್ ಹತ್ತಿ ಕಿಟಕಿಯಿಂದ, "ಕಾಗದ ಬರೀತೀನಿ," ಅಂದೆ. ಅಷ್ಟೇ. ನಾನು ಮನೆಗೆ ಬಂದು ಒಂದು ತುತ್ತು ಊಟವೂ ಮಾಡಲಿಲ್ಲ. ಆವತ್ತಿನಿಂದ ಫೋನ್ ಮಾಡಿದರೆ ಎತ್ತುತ್ತಿಲ್ಲ.

ಅವ್ವನಿಗೆ ಫೋನ್ ಮಾಡಿ ಮೆಲ್ಲಗೆ ಕೇಳಿದೆ. "ನಿಮ್ಮಪ್ಪ ಬಳ್ಳಾರಿಂದ ಬಂದಾಗಿಂದ ಎಲ್ಲಾದಕ್ಕೂ ಸಿಡಿಮಿಡಿ ಮಾಡಾಕತ್ಯಾರ. ನಳ ತೊಟ್ಟಿಕ್ಕಿದ್ರೂ ಸಿಟ್ಟು, ಫ್ಯಾನ್ ಕಿರ್ ಅಂದ್ರೂ ಸಿಟ್ಟು. ಏನಾಗೇತಿ ಅವರಿಗೆ?" ಅಂದಳು. ನನಗೇನು ಗೊತ್ತು, ನಾನು ಹೊರಗೆ ಕೂತವಳು.

ಕೇಳಿಸುವ ಮಿಷನ್ ಹಾಕಿಕೊಳ್ಳಬೇಕು ಎಂದರೇ ಡಾಕ್ಟರು? ಅಂದಿದ್ದರೆ ಹಾಕಿಕೋ. ಕಣ್ಣಿಗೆ ಕನ್ನಡಕ ಹಾಕಿಕೊಂಡಾಗ ನಿನ್ನ ಮರ್ಯಾದೆ ಹೋಯಿತೇ? ಅದಕ್ಕಿಂತ ಕೆಟ್ಟದ್ದೇನಾದರೂ ಇದ್ದರೆ ಅದನ್ನೂ ಹೇಳು. ಸುಮ್ಮನಿರುವುದು ಮಾತ್ರ ಬೇಡ. ಈ ಕಾಗದಕ್ಕೆ ಉತ್ತರ ಬರದಿದ್ದರೆ ನಾನೇ ಹೊರಟು ಬರುತ್ತೇನೆ, ಅವ್ವನ ಎದುರಿಗೇ ಕೇಳುತ್ತೇನೆ.

ಜ್ಯೋತಿ


ಆದೋನಿ
17 ಫೆಬ್ರವರಿ 2025

ಜ್ಯೋತಿ, ನನ್ನವ್ವಾ,

ನಿನ್ನ ಕಾಗದ ಈಗ ಬಂತು. ಅಂಗಡಿಯ ಕೆಲಸ ಬದಿಗಿಟ್ಟು ಬರೆಯುತ್ತಿದ್ದೇನೆ. ನಿನ್ನ ಹೊಟ್ಟೆ ಉರಿಸಿದೆ, ಬೈಯಿ, ಎಷ್ಟಾದರೂ ಬೈಯಿ. ಮೊದಲು ಇಷ್ಟು ಕೇಳು. ನನ್ನ ಕಿವಿ ಹೋಗಿಲ್ಲ! ನೆಟ್ಟಗಿದೆ!

ಇನ್ನು ನಾಚಿಕೆಯ ಭಾಗ. ಡಾಕ್ಟರ್ ಬಲಗಿವಿಯಲ್ಲಿ ಸಣ್ಣ ದೀಪದ ಕೊಳವೆ ಇಟ್ಟು ನೋಡಿದರು. ಮತ್ತೊಮ್ಮೆ ಬಗ್ಗಿ ನೋಡಿದರು. ನಾನು ಮನಸ್ಸಿನಲ್ಲೇ ನನ್ನ ಅಪ್ಪನ ನಗು ನೆನೆಸಿಕೊಂಡು ಕುರ್ಚಿಯ ಕೈ ಗಟ್ಟಿ ಹಿಡಿದೆ. ಆಮೇಲೆ ಅವರು, "ಯಜಮಾನ್ರೇ, ಕಿವ್ಯಾಗ ಹತ್ತಿ ಇಟ್ಕೊಂಡು ಮರ್ತೀರೇನು?" ಅಂದರು.

ಹತ್ತಿ! ಡಿಸೆಂಬರಿನಲ್ಲಿ ನನಗೆ ನೆಗಡಿಯಾಗಿ ಕಿವಿ ಸೆಳೆಯುತ್ತಿತ್ತು. ನಿನ್ನ ಅವ್ವ ಬಳ್ಳೊಳ್ಳಿ ಹಾಕಿ ಎಣ್ಣೆ ಕಾಸಿ, ಹತ್ತಿ ಅದ್ದಿ ಇಟ್ಟಿದ್ದಳು. ನಮ್ಮೂರಲ್ಲಿ ಹತ್ತಿಯನ್ನು ಮೆಡಿಕಲ್ ಶಾಪಿನಿಂದ ಯಾರು ತರುತ್ತಾರೆ? ಅಂಗಡಿಯ ಮೂಲೆಯಲ್ಲಿ ಚೀಲವಿತ್ತು, ಮಿಲ್ಲಿನಿಂದ ಬಂದ ಬಿಡಿ ಹತ್ತಿ, ಅದರಿಂದಲೇ ಹಿಡಿ ಕಿತ್ತಳು. ಬೆಳಿಗ್ಗೆ ನಾನು ತೆಗೆದೆ. ಬಂದದ್ದು ಅರ್ಧ. ಉಳಿದರ್ಧ ಎಣ್ಣೆಯ ಸಮೇತ ಒಳಗೇ ಕೂತು, ಮೇಲೆ ಕಿವಿಯ ಗುಗ್ಗೆ ಕಟ್ಟಿ, ಬೆಣೆ ಹೊಡೆದ ಹಾಗಾಗಿತ್ತು. ಆ ಚೀಲ ಯಾರದು ಗೊತ್ತೇ? ಉದಯನದು. ಪೆಟ್ಟಿಗೆಗೆ ತುಂಬಿ ಉಳಿದದ್ದನ್ನು ನಮ್ಮಲ್ಲಿ ಇಟ್ಟು ಹೋಗಿದ್ದ. ಬಲಗಡೆ ಹತ್ತಿ ಹೆಚ್ಚಾಗಿದೆ ಎಂದು ಅಷ್ಟು ಜನರ ಮುಂದೆ ಹೇಳಿದೆನಲ್ಲ, ಹೇಳಿದ್ದೇನೋ ಸರಿಯಾಗಿತ್ತು!

ಡಾಕ್ಟರ್ ಚಿಮಟದಿಂದ ಎಳೆದರು. ಆ ಕರೀ ಉಂಡೆ ಹೊರಗೆ ಬಂದದ್ದೇ ತಡ, ಜಗತ್ತು ಒಳಗೆ ನುಗ್ಗಿತು. ನರ್ಸಮ್ಮನ ಚಪ್ಪಲಿ, ಟ್ರೇಯ ಮೇಲೆ ಕತ್ತರಿ, ಮೇಲೆ ತಿರುಗುವ ಫ್ಯಾನ್. ಬಾಗಿಲಿನಾಚೆ ನೀನು ಯಾರಿಗೋ, "ನಮ್ಮಪ್ಪ ಒಳಗ ಅದಾನ್ರಿ, ಸ್ವಲ್ಪ ತಡೀರಿ," ಅನ್ನುತ್ತಿದ್ದೆ. ನಿನ್ನ ದನಿಯಲ್ಲಿ ಹೆದರಿಕೆ ಇತ್ತು, ಅದೂ ಕೇಳಿತು. ಕಣ್ಣು ತುಂಬಿ ಬಂದದ್ದು ಅದಕ್ಕೆ. ಹೊರಗೆ ಬಂದು ಬಾಯಿ ತೆರೆದರೆ ಅಳುವೋ ನಗುವೋ ಯಾವುದು ಮೊದಲು ಬಂದೀತೋ ತಿಳಿಯದೆ ಬಸ್ಸಿನ ನೆಪ ಹೇಳಿ ಓಡಿದೆ. ಇಲ್ಲಿ ಫೋನ್ ಎತ್ತಿದರೆ ಪಕ್ಕದಲ್ಲಿ ನಿನ್ನ ಅವ್ವ. ಹತ್ತಿ ಇಟ್ಟವಳೇ ಅವಳು, ಅವಳ ಎದುರಿಗೆ ಏನೆಂದು ಹೇಳಲಿ? ಉದಯನಿಗೆ ಹೇಳದೆ ನಿನಗೆ ಕಾಗದ ಬರೆಯಲೂ ನಾಚಿಕೆಯಾಯಿತು.

ನಿನ್ನೆ ಉದಯನ ಅಂಗಡಿಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಅವನು ಮೊದಲು ನನ್ನ ಮುಖ ನೋಡಿದ, ಆಮೇಲೆ ಮುಗುಳ್ನಕ್ಕ, ಆಮೇಲೆ ಹೊಟ್ಟೆ ಹಿಡಿದು ನೆಲಕ್ಕೆ ಕೂತು ನಕ್ಕ. "ಮಾಮಾ, ನನ್ನ ಕೈನೇ ಕೆಟ್ಟೋತು ಅನ್ಕೊಂಡಿದ್ದೆ. ಅಂಗಡಿ ಮುಚ್ಚಿ ಬೇರೆ ಕೆಲ್ಸ ನೋಡ್ಬೇಕು ಅಂತ ಮಾಡಿದ್ದೆ," ಅಂದ. ನಗುತ್ತಲೇ ಅಂದ, ಆದರೆ ಕಣ್ಣು ಒರೆಸಿಕೊಂಡ. ಆ ಹುಡುಗ ಅಂಗಡಿ ಮುಚ್ಚುವುದರಲ್ಲಿದ್ದ, ಜ್ಯೋತಿ. ನನ್ನ ಒಂದು ಮಾತಿಗೆ.

ಕೆಂಚಣ್ಣನಿಗೂ ಹೇಳಿ ಕಳಿಸಿದ್ದೇನೆ. ಯುಗಾದಿ ಆದಮೇಲೆ ಪೆಟ್ಟಿಗೆ ಮತ್ತೆ ಅವನ ಮನೆಗೆ ಹೋಗುತ್ತವೆ, ಮೊದಲು ಕೂತಿದ್ದವರೆಲ್ಲ ಮತ್ತೆ ಕೂರುತ್ತಾರೆ.

ಕೊನೆಯ ಮಾತು. ಡಾಕ್ಟರ್ ತಲೆಗೆ ಹೆಡ್‌ಫೋನ್ ಹಾಕಿ ಎರಡೂ ಕಿವಿ ಪರೀಕ್ಷೆ ಮಾಡಿದರು. ವಯಸ್ಸಿಗೆ ಚೆನ್ನಾಗಿಯೇ ಇವೆಯಂತೆ. ತೀರ ಮೇಲಿನ, ಕೂದಲೆಳೆಯಷ್ಟು ಸಣ್ಣ ಸಪ್ಪಳ ಮಾತ್ರ ಹೋಗಿದೆ, ಅದು ಇನ್ನು ಬರುವುದಿಲ್ಲವಂತೆ. ನಮ್ಮಂಥ ವಯಸ್ಸಿನವರಿಗೆಲ್ಲ ಇದ್ದದ್ದೇ ಅಂದರು. ಇದು ಬಿಟ್ಟು ಬೇರೇನೂ ಇಲ್ಲ ಎಂಬ ಸಂತೋಷದಲ್ಲಿ ಆಗ ಅದು ನನಗೆ ತಟ್ಟಲಿಲ್ಲ. ಈಗ ಯೋಚಿಸುತ್ತಿದ್ದೇನೆ. ಇನ್ನೊಂದು ಸಲ ತಪ್ಪು ಮಾತು ಆಡಲಾರೆ. ಕೆಂಚಣ್ಣನ ಮನೆಗೆ ನೀನು ನನ್ನ ಜೊತೆ ಬರುತ್ತೀಯಾ? ಕೆಳಗಿನದು ನಾನು ಕೇಳುತ್ತೇನೆ, ಮೇಲಿನದು ನೀನು ಕೇಳು. ಇದನ್ನು ಎಂದೋ ಕೇಳಬೇಕಿತ್ತು.

ಅಪ್ಪ


ಬಳ್ಳಾರಿ
26 ಫೆಬ್ರವರಿ 2025

ಅಪ್ಪಾ,

ನಿನ್ನ ಕಾಗದ ಸ್ಟಾಫ್ ರೂಮಿನಲ್ಲಿ ಓದುತ್ತಿದ್ದೆ. ಮೊದಲ ಸಾಲಿಗೇ ಅಳು ಬಂತು, ಹತ್ತಿಯ ಸುದ್ದಿಗೆ ನಗು ತಡೆಯಲಾಗಲಿಲ್ಲ. ಪಕ್ಕದ ಟೀಚರ್, "ಏನ್ರೀ, ಆರಾಮ ಅದೀರಾ?" ಎಂದು ನೀರು ತಂದುಕೊಟ್ಟರು. ಅವರಿಗೆ ಏನೆಂದು ಹೇಳಲಿ, ನಮ್ಮಪ್ಪನ ಕಿವಿಯಲ್ಲಿ ಸ್ಪೀಕರಿನ ಹತ್ತಿ ಸಿಕ್ಕಿತೆಂದೇ?

ಆವತ್ತಿನಿಂದ ಎದೆಯ ಮೇಲೆ ಕಲ್ಲಿಟ್ಟ ಹಾಗಿತ್ತು. ಇಳಿಯಿತು. ರಾತ್ರಿ ಒಳ್ಳೆಯ ನಿದ್ದೆ ಬಂತು.

ಬರುತ್ತೇನೆ. ಆದರೆ ಮೊದಲೇ ಹೇಳಿಬಿಡುತ್ತೇನೆ. ನಾನು ತಲೆ ಆಡಿಸಲು ಬರುವುದಿಲ್ಲ. ನನಗೆ ಕೇಳಿದ್ದನ್ನು ಎಲ್ಲರ ಎದುರಿಗೆ ಹೇಳುತ್ತೇನೆ, ಅದು ನಿನ್ನ ಮಾತಿಗೆ ಅಡ್ಡ ಬಂದರೂ. ಆಮೇಲೆ ದಾರಿಯುದ್ದಕ್ಕೂ ಮುಖ ಊದಿಸಿಕೊಂಡು ಕೂರಬಾರದು. ಒಪ್ಪಿದರೆ ಕಾಗದ ಬರೆಯುವುದು ಬೇಡ, ಫೋನ್ ಮಾಡು. ಅವ್ವನೂ ಕೇಳಲಿ. ಅವಳಿಗೆ ಹತ್ತಿಯ ಸುದ್ದಿ ನೀನೇ ಹೇಳಬೇಕು, ಅದರಲ್ಲಿ ನಾನು ಪಾಲುದಾರಳಲ್ಲ.

ಜ್ಯೋತಿ


ಆದೋನಿ
9 ಏಪ್ರಿಲ್ 2025

ಜ್ಯೋತಿ,

ಕೆಂಚಣ್ಣನ ಮನೆಯಿಂದ ಹಿಂದಕ್ಕೆ ಬರುವಾಗ ನಾನು ಮುಖ ಊದಿಸಿಕೊಂಡಿದ್ದು ನಿಜ. ಒಪ್ಪಂದ ಮುರಿದೆ. ನೀನು ಮರುದಿನವೇ ಬಳ್ಳಾರಿ ಬಸ್ ಹತ್ತಿಬಿಟ್ಟೆ, ಹೇಳಬೇಕಾದದ್ದು ಹಾಗೇ ಉಳಿಯಿತು. ಫೋನಿನಲ್ಲಿ ಇದು ಬರುವುದಿಲ್ಲ.

ನಾನು "ಇರಲಿ" ಅಂದಾಗ ಉದಯನ ಮುಖ ಅರಳಿತು. ಮಂದಿಯೂ ಹೋ ಅಂದರು. ಎಷ್ಟು ದಿನದ ಭಾರ ಆ ಒಂದು ಮಾತಿಗೆ ಇಳಿಯಿತು. ಅಷ್ಟರಲ್ಲಿ ನೀನು, "ಅಪ್ಪಾ, ತಡಿ. ಮೇಲಿನ ಸಪ್ಪಳ ಸೂಜಿ ಚುಚ್ಚಿದಂಗ ಐತಿ. 'ಸ' ಬಂದಲ್ಲೆಲ್ಲಾ ಬುಸ್ ಅಂತೈತಿ," ಅಂದೆ. ನಾನು ಮತ್ತೆ ಹಾಕಿಸಿ ಕೇಳಿದೆ. ನನಗೆ ಏನೂ ಚುಚ್ಚಲಿಲ್ಲ. ಎಲ್ಲರೂ ಮತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಆ ಹೊತ್ತಿನಲ್ಲಿ ನಿನ್ನನ್ನು ಗದರಿಸಿ ಸುಮ್ಮನಾಗಿಸಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ, "ಆಕಿ ಹೇಳಿದ್ದು ಖರೆ ಇರ್ಬೇಕು. ಅದು ನನಗ ಕೇಳಂಗಿಲ್ಲ," ಅಂದೆ. ಹೇಳಿದ ಮೇಲೆ ನೋಡಿದರೆ ಆಕಾಶವೇನೂ ಕಳಚಿ ಬಿದ್ದಿರಲಿಲ್ಲ. ಕೆಂಚಣ್ಣ, "ಮತ್ತ ಅದಕ್ಕೇನು ಮಾಡ್ಬೇಕವ್ವಾ?" ಎಂದು ನಿನ್ನ ಕಡೆ ತಿರುಗಿದ, ಅಷ್ಟೇ.

ಮೇಲಿನ ಸಪ್ಪಳ ನೇರ ಕಿವಿಗೆ ಬಡಿಯದಂತೆ ಉದಯ ಪೆಟ್ಟಿಗೆಗಳ ಮುಖ ಸ್ವಲ್ಪ ಹೊರಗೆ ತಿರುಗಿಸಿದ. ನೀನು ಇನ್ನೂ ಅಂದೆ, ಇನ್ನೂ ತಿರುಗಿಸಿದ. "ಈಗ ಚಲೋ ಐತಿ," ಅಂದೆ ನೀನು. ಕೆಂಚಣ್ಣನ ಹೆಂಡತಿ ನಿನಗೆ ಕುಂಕುಮ ಹಚ್ಚಿ ಕೈಗೆ ತೆಂಗಿನಕಾಯಿ ಕೊಟ್ಟಳು. ಆ ಕಾಯಿ ಎಲ್ಲ ಮನೆಗಳಲ್ಲೂ ನನ್ನ ಕೈಗೆ ಬರುತ್ತಿತ್ತು. ನಾನು ದಾರಿಯಲ್ಲಿ ಮುಖ ಊದಿಸಿಕೊಂಡದ್ದು ಅದಕ್ಕೆ, ಇನ್ನೇನಕ್ಕೂ ಅಲ್ಲ. ಎಷ್ಟು ಸಣ್ಣ ಬುದ್ಧಿ ನೋಡು.

ಮನೆಗೆ ಬಂದ ಮೇಲೆ ನಿನ್ನ ಅವ್ವ ಎಲ್ಲ ಕೇಳಿ, "ನೀವು ಹೋದ ಮ್ಯಾಲ ಈ ಕೆಲ್ಸ ಯಾರು ಮಾಡ್ತಾರ ಅಂತ ನನಗ ಚಿಂತಿ ಇತ್ತು," ಅಂದಳು. ನಾನು ಎಂದೂ ಬಾಯಿಬಿಟ್ಟು ಹೇಳದ್ದನ್ನು ಅವಳು ಸಾರಿಗೆ ಉಪ್ಪು ಹಾಕುತ್ತ ಹೇಳಿಬಿಟ್ಟಳು. ಜನವರಿಯಲ್ಲಿ ಶಟರ್ ಎಳೆದು ಬೆನ್ನು ತಿರುಗಿಸಿ ಕೂತಾಗ ನಾನು ಹೆದರಿದ್ದು ಕಿವುಡಾಗುವುದಕ್ಕೆ ಎಂದುಕೊಂಡಿದ್ದೆ. ನನ್ನ ನಂತರ ಯಾರು ಎಂಬ ಈ ಚಿಂತೆಯೂ ಅದರೊಳಗೆ ಇತ್ತು.

ಇಂದು ಬೆಳಿಗ್ಗೆ ಚಿಪ್ಪಗಿರಿಯಿಂದ ಉರುಕುಂದಮ್ಮ ಎಂಬವರು ಅಂಗಡಿಗೆ ಬಂದಿದ್ದರು. ಮನೆಗೆ ಸ್ಪೀಕರ್ ತರಿಸಿದ್ದಾರೆ, ನೋಡಿ ಹೇಳಬೇಕಂತೆ. ನಾನು ಚೀಲ ಎತ್ತಿಕೊಂಡು ಎದ್ದೆ. ಅವರು, "ಕುಂದ್ರಿ, ನೀವೊಬ್ರೇ ಬ್ಯಾಡ. ನಿಮ್ಮ ಮಗಳು ಯಾವಾಗ ಬರ್ತಾರ ಹೇಳ್ರಿ, ಆವಾಗ ಕರ್ಕೊಂಡು ಹೋಗ್ತೀನಿ," ಅಂದರು.

ಹೊಟ್ಟೆಕಿಚ್ಚು ಬರಬೇಕಿತ್ತು. ಬರಲಿಲ್ಲ. ಚೀಲ ಕೆಳಗಿಟ್ಟು ನೆಮ್ಮದಿಯಿಂದ ಕೂತೆ. ನೀನು ಭಾನುವಾರ ಬರುತ್ತೀಯೆಂದು ಹೇಳಿ ಕಳಿಸಿದ್ದೇನೆ. ನಿನ್ನನ್ನು ಕೇಳದೆ ಒಪ್ಪಿದೆ, ಬೇಕಾದರೆ ಬಂದು ಬೈಯಿ.

ಅಪ್ಪ